ಬಿಳಿ ಪಟ್ಟಿ ಕೊನೆಯಲ್ಲಿ ಬಂದ ಬಗ್ಗೆ

ವಯಸ್ಸು 69 ವರ್ಷ, ಅವಿವಾಹಿತೆ. ಕೆಲಸ: ಧ್ವನಿಮುದ್ರಣ ಕೊಠಡಿಯಲ್ಲಿ ಟೇಪು ಕತ್ತರಿಸಿ ಅಂಟಿಸುವ ಸಹಾಯಕಿ, ಈಗ ನಿವೃತ್ತಿ. ಹೆಸರು ಮತ್ತು ವಿಳಾಸವನ್ನು ಮೊದಲ ಹಾಳೆಯಲ್ಲಿ ಬರೆಸಿದ್ದೇನೆ. ಪ್ರದರ್ಶನ ನಡೆಸುತ್ತಿರುವ ಕಲಾವಿದರು ನನ್ನ ಮೇಲೆ ಕೊಟ್ಟಿರುವ ದೂರಿನ ಸಂಬಂಧ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಕ್ಕನಿಗೆ ಈಗ 76 ವರ್ಷ. ಐವತ್ತು ವರ್ಷದ ಹಿಂದೆ ಅವಳು ಯಂತ್ರದ ಗುಂಡಿ ತಿರುಗಿಸಿ, ತಂತಿ ಚುಚ್ಚಿ ಸಂಗೀತ ಮಾಡುತ್ತಿದ್ದಳು. ತಂಬೂರಿ, ಕೊಳಲು ಏನೂ ಇಲ್ಲ, ಬರೀ ಕರೆಂಟಿನ ಸ್ವರ. ಕೇಳಿದವರು ರೇಡಿಯೊ ಕೆಟ್ಟಿದೆಯೇ ಎನ್ನುತ್ತಿದ್ದರು. ನಾನು ಅವಳ ಕೈಕೆಳಗೆ ಕೆಲಸ ಮಾಡಿದೆ. ಟೇಪಿನ ಶುರುವಿಗೆ ಒಂದು ಅಡಿ ಬಿಳಿ ಪಟ್ಟಿ, ಕೊನೆಗೆ ಒಂದು ಅಡಿ ಕೆಂಪು ಪಟ್ಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಕೇಳಿ ಮುಗಿದ ಟೇಪನ್ನು ಹಿಂದಕ್ಕೆ ಸುತ್ತದೆ, ಕೊನೆ ಹೊರಗಿರುವಂತೆ ಹಾಗೆಯೇ ಡಬ್ಬಿಗೆ ಹಾಕಬೇಕು ಎಂಬುದು ಅಕ್ಕನ ಕಟ್ಟಪ್ಪಣೆ. ಹಾಗಿಟ್ಟರೆ ಟೇಪು ಬಾಳಿಕೆ ಬರುತ್ತದೆ. ಮತ್ತೆ ಕೇಳಬೇಕಾದಾಗ ಮೊದಲು ಹಿಂದಕ್ಕೆ ಸುತ್ತಿಕೊಳ್ಳಬೇಕು.

ನಾಲ್ಕು ತಿಂಗಳ ಹಿಂದೆ ಕಲಾವಿದರು ಮನೆಗೆ ಬಂದರು. ಈ ದೇಶದ ಮೊದಮೊದಲ ಎಲೆಕ್ಟ್ರಾನಿಕ್ ಸಂಗೀತವನ್ನು ಜನ ಮರೆತಿದ್ದಾರೆ, ಹಳೆಯ ಟೇಪನ್ನೇ ಹಳೆಯ ಯಂತ್ರಕ್ಕೆ ಹಾಕಿ, ಎಂಟು ಸ್ಪೀಕರ್‌ಗಳ ನಡುವೆ ಜನರನ್ನು ನಿಲ್ಲಿಸಿ ಕೇಳಿಸುತ್ತೇನೆ ಎಂದರು. ಅಲಮಾರಿಯಿಂದ ಡಬ್ಬಿ ತೆಗೆದುಕೊಟ್ಟವಳು ನಾನೇ. ಹೇಗೆ ಹಾಕಬೇಕು ಎಂದು ಅವರು ಕೇಳಿದ್ದಕ್ಕೆ, ಇದ್ದ ಹಾಗೇ ಹಾಕಿ ಎಂದೆ. ಸುತ್ತುವ ವಿಷಯ ನನಗೆ ಮರೆತೇಹೋಗಿತ್ತು. ಮರೆತವಳು ನಾನು. ಬರೆದುಕೊಳ್ಳುತ್ತಿರುವವರು ಈ ಸಾಲು ಬೇಡ ಎಂದರು, ಇರಲಿ ಎಂದೆ.

ಈ ತಿಂಗಳ 3ನೇ ತಾರೀಕು ಸಂಜೆ 5 ಗಂಟೆಗೆ ಉದ್ಘಾಟನೆ. ಅಕ್ಕನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಟೇಪು 9 ನಿಮಿಷ 20 ಸೆಕೆಂಡ್ ಓಡಿತು. ನನಗೂ ಹೊಸದಾಗಿ ಕೇಳಿಸಿತು, ಐವತ್ತು ವರ್ಷವಾಯಿತಲ್ಲ ಎಂದುಕೊಂಡೆ. ಚಪ್ಪಾಳೆ ನಿಂತ ಮೇಲೆ ಅಕ್ಕನ ಕೈಗೆ ಮೈಕು ಕೊಟ್ಟರು. "ಇದು ನನ್ನದಲ್ಲ" ಎಂದಳು. ಕಲಾವಿದರು ನಕ್ಕು, ಇದು ಅವರ ವಿನಯ ಎಂದರು. ಅಕ್ಕ ಇನ್ನೆರಡು ಸಲ ಅದನ್ನೇ ಹೇಳಿದಳು, ಮೈಕು ವಾಪಸ್ ತೆಗೆದುಕೊಂಡರು. ವಿನಯಕ್ಕೂ ಅಕ್ಕನಿಗೂ ಎಂದೂ ಆಗಿಬಂದದ್ದಿಲ್ಲ, ಅದು ನನಗೆ ಗೊತ್ತು. ಆದರೂ ಸೆರಗು ಜಗ್ಗಿ ಕೂರಿಸಿದೆ.

ಅದಕ್ಕೂ ಮೊದಲು ಅಕ್ಕ ಎರಡು ಸಲ ಗ್ಯಾಸ್ ಆರಿಸದೆ ಮಲಗಿದ್ದುಂಟು. 9ರಂದು ಅಕ್ಕನ ಮಗ ನಮ್ಮಿಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಗ್ಯಾಸಿನ ವಿಷಯ ಹೇಳಿದಾಗ ಡಾಕ್ಟರು ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ ಎಂದರು. ಬೇರೆ ಏನಾದರೂ ಇದೆಯೇ ಎಂದು ಕೇಳಿದಾಗ, ತಾನೇ ಮಾಡಿದ ಸಂಗೀತದ ಗುರುತು ಹತ್ತಲಿಲ್ಲ ಎಂದು ನಾನು ಹೇಳಿದೆ. ಆಗ ಪೆನ್ನು ತೆಗೆದು ಬರೆದುಕೊಂಡರು. 13ರಂದು ಬೆಳಿಗ್ಗೆ 10.30ಕ್ಕೆ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆರೈಕೆ ಕೇಂದ್ರಕ್ಕೆ ಅಕ್ಕನನ್ನು ಸೇರಿಸಿದೆವು. ಅರ್ಜಿಯಲ್ಲಿ ಮಗನ ಸಹಿಯ ಕೆಳಗೆ ನನ್ನ ಸಹಿ ಇದೆ. ದಾರಿಯಲ್ಲಿ ಅಕ್ಕ ಮತ್ತೆ, ಅಂದು ಕೇಳಿಸಿದ್ದು ತನ್ನದಲ್ಲ ಎಂಬ ಅದೇ ಮಾತು ತೆಗೆದಳು. ಹಟ ಮಾಡಬೇಡ ಎಂದೆ.

ಈ ದಿನ 22ರಂದು ಬೆಳಿಗ್ಗೆ 11.10ಕ್ಕೆ, ಕಲಾವಿದರು ಕೇಳಿದ್ದ ಅಕ್ಕನ ಹಳೆಯ ಫೋಟೊ ಕೊಡಲು ಪ್ರದರ್ಶನಕ್ಕೆ ಹೋದೆ. ಯಂತ್ರದಿಂದ ಎರಡು ಅಡಿ ದೂರದಲ್ಲಿ ನಿಂತಿದ್ದೆ. ಟೇಪು ಮುಗಿಯುವಾಗ ಬಿಳಿ ಪಟ್ಟಿ ಹಾದುಹೋಯಿತು. ಕೆಂಪು ಬರಬೇಕಿತ್ತು. ಹತ್ತೊಂಬತ್ತು ದಿನದಿಂದ ಇವರು ಅಕ್ಕನ ಸಂಗೀತವನ್ನು ಕೊನೆಯಿಂದ ಮೊದಲಿಗೆ ಕೇಳಿಸುತ್ತಿದ್ದಾರೆ ಎಂದು ಆಗ ಗೊತ್ತಾಯಿತು. ಅಳು ಬರಲಿಲ್ಲ, ಏನೂ ಅನಿಸಲಿಲ್ಲ. ಗೋಡೆಗೆ ಅಂಟಿಸಿದ್ದ ಪತ್ರಿಕೆಯ ವಿಮರ್ಶೆಯನ್ನು ಪೂರ್ತಿ ಓದಿದೆ. ಮೌನದಿಂದ ನಾದ ಹುಟ್ಟುವ ಪರಿ ಅದ್ಭುತ ಎಂದಿತ್ತು. ಅಕ್ಕ ಮಾಡಿದ್ದು ನಾದ ಕರಗಿ ಮೌನವಾಗುವುದನ್ನು.

ಕಲಾವಿದರಿಗೆ ವಿಷಯ ತಿಳಿಸಿದೆ. ಅವರು, ಜನ ಮೆಚ್ಚಿರುವುದೇ ಇದನ್ನು, ಇನ್ನು ಆರು ದಿನ ಉಳಿದಿದೆ, ಈಗ ಕೆದಕುವುದು ಬೇಡ ಎಂದು ಫೋನು ಹಿಡಿದು ಹೊರಗೆ ಹೋದರು. 11.25ಕ್ಕೆ ನಾನು ಯಂತ್ರದ ಗಾಜಿನ ಮುಚ್ಚಳ ಎತ್ತಿ ನೆಲಕ್ಕಿಟ್ಟೆ. ಯಂತ್ರ ನೋಡಿಕೊಳ್ಳುವ ತಂತ್ರಜ್ಞರು ಟೇಪನ್ನು ಇನ್ನೂ ಹಿಂದಕ್ಕೆ ಸುತ್ತಿರಲಿಲ್ಲ. ಟೇಪು ಸುತ್ತಿಕೊಂಡಿದ್ದ ಬಲಗಡೆಯ ಚಕ್ರವನ್ನು ಎಡಗಡೆಗೆ ಹಾಕಿ, ಬಿಳಿ ಪಟ್ಟಿಯಿಂದ ಶುರುಮಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಐದನೇ ನಿಮಿಷಕ್ಕೆ ತಂತ್ರಜ್ಞರು ಓಡಿಬಂದಾಗ ಅವರ ಕಾಲು ತಾಗಿ ಗಾಜು ಬಿರುಕುಬಿಟ್ಟಿತು. ಅದು ಅವರ ತಪ್ಪಲ್ಲ. ಮುಗಿಯುವವರೆಗೂ ಯಂತ್ರಕ್ಕೆ ಅಡ್ಡ ನಿಂತಿದ್ದೆ. ಟೇಪು ತುಂಡಾಗಿದೆ ಎಂದು ದೂರಿನಲ್ಲಿರುವುದು ಸುಳ್ಳು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ, ನಾನು ಬೇಕೆಂದು ಕತ್ತರಿಸಿದ ಹೊರತು ನನ್ನ ಕೈಯಲ್ಲಿ ಟೇಪು ತುಂಡಾಗಿಲ್ಲ.

ಠಾಣೆಗೆ ಬರಲು ಏಕೆ ತಡವಾಯಿತು ಎಂದು ಕೇಳಿದ್ದಕ್ಕೆ ಉತ್ತರ: ಅಲ್ಲಿಂದ 7 ಕಿಲೋಮೀಟರ್ ದೂರದ ಆರೈಕೆ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ 12.50ಕ್ಕೆ ತಲುಪಿದೆ. ಊಟದ ಹೊತ್ತೆಂದು 2 ಗಂಟೆವರೆಗೆ ಕಾಯಿಸಿದರು. ಅಕ್ಕ ಮೊಬೈಲನ್ನು ಬಲಗಿವಿಗೆ ಹಿಡಿದು ಪೂರ್ತಿ ಕೇಳಿದಳು. "ಹೂಂ, ಇದು ನನ್ನದು" ಎಂದಳು. ನಾನು ನಡೆದದ್ದೆಲ್ಲ ಹೇಳಿದೆ, ಡಾಕ್ಟರಿಗೆ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ನಾನು ಮನೆಗೆ ಬರ್ಬೋದಲ್ಲ, ಪುಟ್ಟಿ?" ಎಂದು ಕೇಳಿದಳು.

ಕಚೇರಿಯಲ್ಲಿ ವಿಚಾರಿಸಿದೆ. ಡಾಕ್ಟರ ಪತ್ರವಿಲ್ಲದೆ ಬಿಡುವ ಹಾಗಿಲ್ಲ ಎಂದರು. ಅದನ್ನು ಹೇಳಲು 3.10ಕ್ಕೆ ಕೋಣೆಗೆ ಮರಳಿದಾಗ ಅಕ್ಕ ಚಪ್ಪಲಿ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದಳು. ಹೋಗಿ ಬರುತ್ತೇನೆ ಎಂದೆ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಆದ್ದರಿಂದ ಗಾಜಿನ ವಿಷಯದಲ್ಲಿ ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ನನ್ನ ತಕರಾರಿಲ್ಲ. ಅಕ್ಕ ಹೇಳಿದ್ದು ಸರಿ, ತಪ್ಪಿದ್ದು ನಾನು ಎಂದಿರುವ ಈ ಹೇಳಿಕೆಯ ಒಂದು ಪ್ರತಿಯನ್ನು ಠಾಣೆಯ ಮೊಹರು ಹಾಕಿ ನನಗೆ ಕೊಡಬೇಕು. ಡಾಕ್ಟರು 6 ಗಂಟೆವರೆಗೆ ಇರುತ್ತಾರೆ. ಈಗ 4.40. ಅಕ್ಕ ಇನ್ನೂ ಚಪ್ಪಲಿ ಬಿಚ್ಚಿರಲಾರಳು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 22, ಸಂಜೆ 4.45
ಸಹಿ: ಹೇಳಿಕೆ ಕೊಟ್ಟವರದು