ಕಿಟಕಿಗೆ ಕಾಣುವಷ್ಟು ನೀರು

...ಇಲ್ಲ ಭಾವ, ಕೂರಲ್ಲ, ಕೈಯೆಲ್ಲ ಕೆಸರು. ಇದೊಂದು ನೋಡಿ ಹೇಳಿಬಿಡಿ, ಹೊರಟೆ. ಲೈಬ್ರರಿ ಹಿಂದಿನ ದೊಡ್ಡ ಮರದಡಿ ನೀವೇ ನೆಟ್ಟಿದ್ರಲ್ಲ, ಪಟ್ಟೆ ಎಲೆ ಗಿಡ... ಹ್ಞಾಂ, ಅದೇ! ಏನೋ ರೋಗ ಬಂದಿದೆ. ಎಲೆ ಹಿಡಿದು ಎತ್ತಿದ್ರೆ ಸಾಕು, ಬುಡವೇ ಕಳಚಿ ಕೈಗೆ ಬರುತ್ತೆ. ಇಪ್ಪತ್ತರಲ್ಲಿ ಆರು ಉಳಿದಿವೆ, ಅಷ್ಟೇ.

ಯಾಕೆ ಮೂಸ್ತೀರಿ? ...ಹ್ಞೂಂ, ನಾತ ಇದೆ.

ನೀರಾ? ಹೆಚ್ಚೇನಿಲ್ಲಪ್ಪ! ವಾರಕ್ಕೊಂದ್ಸಲ... ಹಾಗೆ ನೋಡ್ಬೇಡಿ ಭಾವ. ಸರಿ, ದಿನಾ. ದಿನಾ ಹತ್ತು ಗಂಟೆಗೆ. ಲೈಬ್ರರಿ ಸಾಹೇಬರು ಬಂದು ಕಿಟಕಿ ತೆಗೆಯೋ ಹೊತ್ತಿಗೆ ಪೈಪು ನನ್ನ ಕೈಯಲ್ಲಿರಬೇಕು. ಏನ್ಮಾಡ್ಲಿ? ನೀರೇ ಹಾಕಲ್ಲ ಅಂತಾನೇ ಅಲ್ವಾ ನಿಮ್ಮನ್ನ ಕೆಲಸದಿಂದ ತೆಗೆದಿದ್ದು! ನಾನೂ ಹಾಕದೆ ಕೂತ್ರೆ ನನ್ನನ್ನ ಬಿಡ್ತಾರಾ?

ನಗ್ತೀರಾ? ನಗಿ, ನಗಿ... ಅದ್ಯಾವ ಪುಣ್ಯಾತ್ಮ ಅವರ ಕಿವಿ ಊದಿದನೋ! "ಹನ್ನೊಂದು ದಿನದಿಂದ ಪೈಪು ಸುತ್ತಿಟ್ಟಲ್ಲೇ ಇದೆ, ಜೇಡ ಬಲೆ ಕಟ್ಟಿದೆ" ಅಂತ ಯಾರೋ...

...ಏನು? ಯಾಕೆ ನಗು ನಿಂತು ಹೋಯ್ತು?

...ಹೌದು. ಪೈಪಿನ ಕೋಣೆಗೆ ಎರಡೇ ಬೀಗದ ಕೈ. ಆಗ ನಿಮ್ಮ ಹತ್ರ ಒಂದು, ನನ್ನ ಹತ್ರ ಒಂದು ಇತ್ತು.

ನಾನೇ ಭಾವ. ಗೊತ್ತಿಲ್ದೆ ಹೇಳಿದೆ ಅಂದ್ಕೊಳ್ಳಿ... ಥೂ, ಅದೂ ಸುಳ್ಳು. ಗೊತ್ತಿತ್ತು. ನೀವು ನನ್ನ ಕೆಲಸಕ್ಕೆ ಸೇರಿಸಿದ ಮೊದಲ ದಿನವೇ ನನ್ನ ಬೆರಳು ಹಿಡಿದು ಆ ಒಣ ಮಣ್ಣಿಗೆ ಚುಚ್ಚಿಸಿದ್ರಿ. "ಇಲ್ಲಿರೋ ನೀರೆಲ್ಲ ಮರವೇ ಕುಡಿದುಬಿಡುತ್ತೆ. ಇದು ಒಣ ಮಣ್ಣಲ್ಲೇ ಬಾಳೋ ಗಿಡ, ನೀರು ಹಾಕಿ ಕೊಲ್ಲಬೇಡ" ಅಂದಿದ್ರಿ. ಎಲ್ಲ ನೆನಪಿತ್ತು. ನಿಮ್ಮ ಜಾಗ ಬೇಕಿತ್ತು ನಂಗೆ... ಹೋಗಿ ಹೇಳಿದೆ. ಈಗ ದಿನಾ ಪೈಪು ಹಿಡಿದಾಗ ನಾಚಿಕೆಯಿಂದ ಸಾಯ್ತೀನಿ ಭಾವ. ಕೊಳೆಯುತ್ತೆ ಅಂತ ಗೊತ್ತಿದ್ದೂ ಹಾಕ್ತೀನಿ.

ಎಲ್ಲಿಗೆ ಎದ್ರಿ? ಅಕ್ಕನ್ನ ಕರೀಬೇಡಿ, ದಮ್ಮಯ್ಯ! ...ಸಲಿಕೆ ಯಾಕೆ?

ಬೇಡ. ಬೇಡ ಭಾವ, ನಿಮ್ಮ ಹಿತ್ತಿಲಿನ ಪಟ್ಟೆ ಗಿಡ ಬೇಡ. ಅಷ್ಟು ಚೆನ್ನಾಗಿರೋದನ್ನ ನನಗೋಸ್ಕರ ಎರಡಾಗಿ ಸೀಳಬೇಡಿ! ಬೈಯಿರಿ, ಬೇಕಾದ್ರೆ ಎರಡೇಟು ಹಾಕಿ, ಇದನ್ನ ಮಾತ್ರ ಕೊಡಬೇಡಿ...

ನಾಳೆ ಹತ್ತಕ್ಕೆ ಸಾಹೇಬರು ಕಿಟಕಿ ತೆಗೀತಾರೆ. ನಾನು ಇದಕ್ಕೂ ನೀರು ಹಾಕ್ತೀನಿ ಭಾವ.