ಅಲಿಂಪಿಯೆ ಸಂತನ ದಿನಕ್ಕೆ ಒಂದು ರೊಟ್ಟಿ

ಹೆಸರು: ಸ್ಮಿಲ್ಯಾ ಕ್ರಸ್ತಿಚ್. ವಯಸ್ಸು: 57. ಕಸುಬು: ಹಬ್ಬದ ರೊಟ್ಟಿ ಬೇಯಿಸಿ ಮಾರುವುದು. ವಿಳಾಸ: ಮನೆ ಸಂಖ್ಯೆ 14, ಗಿರಣಿ ಬೀದಿ, ಸ್ತಾರಿ ಬ್ರೆಸ್ಟ್, ಸರ್ಬಿಯಾ.

ಮೇಲ್ಕಂಡ ನಾನು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನಾನು ಬೋಸ್ನಿಯಾದ ವರ್ಬಿತ್ಸಾ ಊರಿನವಳು. ಅಲ್ಲಿ ಬೇಕರಿಯಲ್ಲಿ ಕೆಲಸಕ್ಕಿದ್ದೆ. ಕ್ರಸ್ತಿಚ್ ನನ್ನ ತವರಿನ ಹೆಸರು. ನನ್ನ ಗಂಡ ಮುನಿಬ್ ಮುಸ್ಲಿಮರು, ಶಾಲೆಯಲ್ಲಿ ಮೇಷ್ಟ್ರು. ಯುದ್ಧ ನಡೆಯುತ್ತಿದ್ದ 1992ರ ಜೂನ್ 11ರ ಬೆಳಿಗ್ಗೆ 6.40ಕ್ಕೆ ಸರ್ಬ್ ಬಂದೂಕುಧಾರಿಗಳು ಅವರನ್ನೂ ನಮ್ಮ ಬೀದಿಯ ಇನ್ನೂ 31 ಗಂಡಸರನ್ನೂ ಲಾರಿಗೆ ಹತ್ತಿಸಿ ಒಯ್ದರು. ಒಯ್ದವರ ನಾಯಕ ವುಕೊಮಾನ್ ಗ್ರುಬಾಚ್. ಅವನನ್ನು ನಾನು ನಲವತ್ತು ಮೀಟರ್ ದೂರದಿಂದ, ಬೆನ್ನ ಕಡೆಯಿಂದ ಮಾತ್ರ ನೋಡಿದ್ದೆ. ಯುದ್ಧ ಮುಗಿದ ಮೇಲೆ ಅವನು ತಲೆಮರೆಸಿಕೊಂಡ. ಆ 32 ಮಂದಿಯಲ್ಲಿ ಒಬ್ಬರ ಮೂಳೆಯೂ ಇದುವರೆಗೆ ಸಿಕ್ಕಿಲ್ಲ.

ರಾಯ್ಕೊ ಟೆಸ್ಲಿಚ್ ಎಂಬವರು ಮೂರು ವರ್ಷದಿಂದ ಇಲ್ಲಿ ನಮ್ಮ ಗಿರಣಿ ಬೀದಿಯ 22ನೇ ಮನೆಯಲ್ಲಿ ಒಬ್ಬರೇ ಇದ್ದರು. ಗಡ್ಡ ಬಿಟ್ಟಿದ್ದರು, ಜೇನು ಸಾಕುತ್ತಿದ್ದರು. ಒಮ್ಮೆ ನನ್ನ ಹಿತ್ತಿಲ ಬೇಲಿ ಕಟ್ಟಿಕೊಟ್ಟರು. ಒಳ್ಳೆಯವರೆಂದೇ ನಂಬಿದ್ದೆ. ಅದಕ್ಕೆ ಈಗ ನನ್ನ ಮೇಲೆ ನನಗೇ ಸಿಟ್ಟಿದೆ.

ನಮ್ಮ ಸರ್ಬ್ ಕ್ರೈಸ್ತರಲ್ಲಿ ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಸಂತ ಮನೆದೇವರು; ಆ ಸಂತನ ದಿನ ರೊಟ್ಟಿ ಇಟ್ಟು ಹಬ್ಬ ಮಾಡುತ್ತೇವೆ. ಮನುಷ್ಯ ತನ್ನ ಹೆಸರು ಬದಲಿಸಿಕೊಂಡಾನು, ಮನೆದೇವರ ದಿನ ದೀಪ ಹಚ್ಚದೆ ಇರುವ ಧೈರ್ಯ ಮಾಡಲಾರ. ಟೆಸ್ಲಿಚ್ ಪ್ರತಿ ಮೇ 6ರಂದು ಜಾರ್ಜ್ ಸಂತನ ಹಬ್ಬ ಮಾಡಿ ಬೀದಿಗೆಲ್ಲ ಊಟ ಹಾಕುತ್ತಿದ್ದರು.

4.12.2010ರ ಶನಿವಾರ 10.15ಕ್ಕೆ ಅವರು ನನ್ನ ಅಡುಗೆಮನೆ ಬಾಗಿಲಿಗೆ ಬಂದು, ಒಂಬತ್ತನೇ ತಾರೀಖಿಗೆ ಚಿಕ್ಕದೊಂದು ಹಬ್ಬದ ರೊಟ್ಟಿ ಬೇಕೆಂದರು. ಯಾರ ಮನೆಗೆಂದು ಕೇಳಿದೆ. "ಯಾರೋ ಸ್ನೇಹಿತನಿಗೆ ಕಣಮ್ಮ. ನೀನು ಬೇಯಿಸಿಡು, ಊರಿಗೆಲ್ಲ ಡಂಗುರ ಹೊಡೀಬೇಡ" ಎಂದರು. ಒಂಬತ್ತು ಅಲಿಂಪಿಯೆ ಸಂತನ ದಿನ. ಆ ಸಂತನ ಮನೆಗಳು ತೀರ ಕಡಿಮೆ. ವರ್ಬಿತ್ಸಾದ ಬೇಕರಿಯಿಂದ ಆ ದಿನಕ್ಕೆ ರೊಟ್ಟಿ ಒಯ್ಯುತ್ತಿದ್ದವಳು ಹೊಳೆಯಾಚೆಯ ಯೇಲಾ ಎಂಬ ಮುದುಕಿ ಒಬ್ಬಳೇ. ಅವಳು ಗ್ರುಬಾಚ್‌ನ ತಾಯಿ. ಟೆಸ್ಲಿಚ್ ಹೋದ ಮೇಲೆ ನಾನು ಹಿಟ್ಟಿನ ಮೂಟೆಯ ಮೇಲೆ ಕುಳಿತುಬಿಟ್ಟೆ. ಎಷ್ಟು ಹೊತ್ತೆಂದು ಹೇಳಲಾರೆ.

ಅದೇ ದಿನ 11.50ಕ್ಕೆ ಈ ಠಾಣೆಗೆ ಫೋನ್ ಮಾಡಿದೆ. "ರೊಟ್ಟಿ ಕೇಳಿದ್ರು ಅಂತ ಹಿಡ್ಕೊಂಡು ಬರಕ್ಕಾಗುತ್ತೇನಮ್ಮ?" ಎಂದು ಕೇಳಿ ಇಟ್ಟುಬಿಟ್ಟರು. ಹೀಗೆ ನಾಲ್ಕು ಸಲ ಆಯಿತು. ಕೊನೆಗೆ 7ನೇ ತಾರೀಖು ಇನ್ಸ್‌ಪೆಕ್ಟರ್ ಕೊವಾಚ್ ತಾವೇ ಮನೆಗೆ ಬಂದರು. "ಗ್ರುಬಾಚ್‌ನ ಸತ್ತ ಅಪ್ಪ, ಅಮ್ಮ, ತಮ್ಮನ ಹೆಸರು ನಮ್ಮ ಕಡತದಲ್ಲಿದೆ. ದೀಪದ ಮುಂದೆ ತೀರಿಹೋದೋರ ಹೆಸರು ಹೇಳ್ತಾನಲ್ಲ, ಕೇಳ್ಕೊಂಡು ಬನ್ನಿ. ನೀವು ಮಾತ್ರ ಬಾಯಿ ಬಿಡಬೇಡಿ" ಎಂದರು.

9.12.2010ರ ಗುರುವಾರ 12.05ಕ್ಕೆ ರೊಟ್ಟಿ ಹಿಡಿದು 22ನೇ ಮನೆಗೆ ಹೋದೆ. ಇನ್ಸ್‌ಪೆಕ್ಟರ್ ನೂರಿಪ್ಪತ್ತು ಮೀಟರ್ ದೂರದಲ್ಲಿ ಕಾರಿನಲ್ಲಿದ್ದರು. ತಾನೇ ಬಂದು ಒಯ್ಯುತ್ತಿದ್ದೆನಲ್ಲ ಎಂದು ಟೆಸ್ಲಿಚ್ ಬಾಗಿಲಿಗೆ ಅಡ್ಡ ನಿಂತರು. "ಹಬ್ಬದ ಮನೆ ಅಲ್ವಾ ರಾಯ್ಕೊ ಅಣ್ಣ, ಒಂದು ಚಮಚ ಪ್ರಸಾದದ ಗೋಧಿ ತಿಂದು ಹೋಗ್ತೀನಿ" ಎಂದೆ. ಮನೆದೇವರ ದಿನ ಬಂದವರನ್ನು ಬಾಗಿಲಿನಿಂದ ಯಾರೂ ಕಳಿಸುವುದಿಲ್ಲ. ಅವರೂ ಕಳಿಸಲಿಲ್ಲ.

ಒಳಗೆ ಬೇರೆ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು. ಅವರು ಶಿಲುಬೆ ಗುರುತು ಹಾಕಿಕೊಂಡು, ನನಗೆ ಕೇಳಿಸದಂತೆ ಗೊಣಗಿದರು. ಆದರೆ ನನ್ನ ಕಿವಿ ಚುರುಕು. ಗಾವ್ರೊ, ಯೇಲಾ, ಸಿಮೆಯುನ್ ಎಂದರು. ಇಲ್ಲಿಂದ ಮುಂದೆ ಅವನನ್ನು ಅವನು ಎಂದೇ ಬರೆದುಕೊಳ್ಳಿ.

ನಾನು ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ, ಇನ್ಸ್‌ಪೆಕ್ಟರ್ ಮಾತು ಮೀರಿದೆ. ಪ್ರಾರ್ಥನೆಗೆಂದು ಇಗರ್ಜಿಗೆ ಕೊಡುವ ಹೆಸರಿನ ಚೀಟಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟೆ. ಅದರಲ್ಲಿ ಎಡಕ್ಕೆ ಬದುಕಿರುವವರು, ಬಲಕ್ಕೆ ತೀರಿಕೊಂಡವರು. "ವರ್ಬಿತ್ಸಾದ ಮುನಿಬ್ ಮೇಷ್ಟ್ರು ಅಂತ ಒಬ್ಬರು. ಹದಿನೆಂಟು ವರ್ಷದಿಂದ ಅವರ ಹೆಸರನ್ನ ಯಾವ ಕಡೆ ಬರೀಬೇಕು ಅಂತ ನನಗೆ ಗೊತ್ತಾಗಿಲ್ಲ. ನೀವೇ ಬರೀರಿ" ಎಂದೆ.

ಅವನು ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಓದಿದ. ಗೋಡೆ ಗಡಿಯಾರದಲ್ಲಿ 12.25 ಇದ್ದದ್ದು 12.29 ಆಯಿತು.

"ಗೊತ್ತಿದ್ದೇ ಬಂದ್ಯಾ?"

"ರೊಟ್ಟಿ ಕೇಳಿದಾಗಲೇ ಗೊತ್ತಾಯ್ತು."

"ಹಂಗಾದ್ರೆ ವಿಷ ಹಾಕ್ಬಹುದಿತ್ತಲ್ಲ."

"ಹಬ್ಬದ ರೊಟ್ಟಿಗೆ ಯಾರಾದ್ರೂ ವಿಷ ಹಾಕ್ತಾರಾ?"

ಅವನು ಪೆನ್ಸಿಲ್ ತೆಗೆದುಕೊಂಡು ಬಲಗಡೆ ಮುನಿಬ್ ಎಂದು ಬರೆದ. ಎಲ್ಲಿ ಹೂತಿರಿ ಎಂದು ಕೇಳಿದೆ. ಉತ್ತರ ಕೊಡಲಿಲ್ಲ. ಮೂರು ಸಲ ಕೇಳಿದೆ. 12.40ಕ್ಕೆ ಹೊರಗೆ ಬಂದು ಇನ್ಸ್‌ಪೆಕ್ಟರಿಗೆ ಮೂರು ಹೆಸರುಗಳನ್ನು ಹೇಳಿದೆ. ಕಡತದಲ್ಲಿದ್ದವೂ ಅವೇ ಎಂದರು. 12.50ಕ್ಕೆ ಪೊಲೀಸರು ಅವನನ್ನು ಹಿಡಿದು ಹೊರಗೆ ಕರೆತಂದರು. ಅವನು ತಡೆಯಲಿಲ್ಲ, ಓಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಅವನನ್ನು ಯಾವ ನ್ಯಾಯಾಲಯಕ್ಕೆ ಒಪ್ಪಿಸಿದರೂ, 32 ಮಂದಿಯನ್ನು ಎಲ್ಲಿ ಹೂತಿದ್ದಾನೆಂದು ಮೊದಲು ಕೇಳಬೇಕು. ಅವನ ಕೈಬರಹವಿರುವ ಚೀಟಿಯನ್ನು ಸಾಕ್ಷಿಗೆಂದು ಈ ಹೇಳಿಕೆಯ ಜೊತೆ ಕೊಟ್ಟಿದ್ದೇನೆ. ವಿಚಾರಣೆ ಮುಗಿದ ದಿನವೇ ಅದನ್ನು ನನಗೆ ಹಿಂದಿರುಗಿಸಬೇಕು. ನನ್ನ ಗಂಡ ತೀರಿಕೊಂಡರೆಂದು ಬರೆದಿರುವ ಕಾಗದ ನನ್ನ ಬಳಿ ಅದೊಂದೇ.

ಇಷ್ಟನ್ನೂ ನನಗೆ ಓದಿ ಹೇಳಿದರು. ನಾನು ಕಂಡದ್ದು ಕೇಳಿದ್ದು ಇದೇ. ಇದರಲ್ಲಿ ಕೂಡಿಸಿದ್ದಿಲ್ಲ, ಮುಚ್ಚಿಟ್ಟದ್ದಿಲ್ಲ.

ಸ್ಥಳ: ಸ್ತಾರಿ ಬ್ರೆಸ್ಟ್ ಪೊಲೀಸ್ ಠಾಣೆ
ದಿನಾಂಕ: 10.12.2010, ಬೆಳಿಗ್ಗೆ 9.30

(ಸಹಿ) ಸ್ಮಿಲ್ಯಾ, ಮುನಿಬ್ ಮೇಷ್ಟ್ರ ಹೆಂಡತಿ