ಹೃದಯ ಬೆಳೆಸಿದ ಗ್ರಾಹಕ

ಆಸ್ಪತ್ರೆಯಲ್ಲಿ ಹೃದಯ ಪರೀಕ್ಷೆಯ ಕೋಣೆಯ ಹೊರಗೆ, ನನ್ನ ಪಕ್ಕದಲ್ಲಿ ಅಕ್ಕ-ತಂಗಿ ಅಕ್ಕನ ವರದಿಗೆ ಕಾಯುತ್ತಿದ್ದರು. ಅಕ್ಕ ಬಟ್ಟೆ ಹೊಲಿಯುವವಳು, ತಂಗಿ ಲ್ಯಾಬಿನಲ್ಲಿ ಕೆಲಸ ಮಾಡುವವಳು.

“ಔಷಧಿ ಸ್ತನದ ಗಡ್ಡೆಗೆ. ಪದೇಪದೇ ಹೃದಯ ಯಾಕೆ ನೋಡ್ತಾರೆ?” ಎಂದಳು ಅಕ್ಕ.

“ಗಡ್ಡೆಯ ಕೋಶಗಳ ಮೈತುಂಬಾ ‘ಬೆಳಿ’ ಅನ್ನೋ ಮಾತು ಕೇಳೋ ಕಿವಿಗಳಿವೆ, ಗ್ರಾಹಕ ಅಂತಾರೆ. ಔಷಧಿ ಆ ಕಿವಿ ಮುಚ್ಚುತ್ತೆ.”

“ಮುಚ್ಚಲಿ ಬಿಡು, ಪೀಡೆ!”

“ಹೃದಯದಲ್ಲೂ ಅಂಥವೇ ಇವೆ. ಅಮ್ಮನ ಹೊಟ್ಟೇಲಿ ನಿನ್ನ ಹೃದಯ ಬೆಳೆಸಿದ್ದೂ ಅವೇ ಅಕ್ಕಾ. ಈಗಲೂ ಅದನ್ನ ಕಾಯ್ತಿವೆ. ಔಷಧಿ ಅವನ್ನೂ ಮುಚ್ಚುತ್ತೆ, ಅದಕ್ಕೇ ಹೃದಯ ಸೋತಿದ್ರೆ ಔಷಧಿ ನಿಲ್ಲಿಸ್ತಾರೆ.”

“ಅಂದ್ರೆ ತಪ್ಪು ಹೊಲಿಗೆ ಬಿಚ್ಚೋವಾಗ ಬಟ್ಟೆ ಹರೀಬಾರದು.”

“ಅಷ್ಟೇ.”

ದಾದಿ ಬಂದು ವರದಿ ಕೊಟ್ಟಳು. ತಂಗಿ ಅದನ್ನು ಎರಡು ಸಲ ಓದಿದಳು.

“ಹೃದಯ ಗಟ್ಟಿಯಾಗಿದೆ. ಇವತ್ತೇ ಔಷಧಿ ಹಾಕಿಸ್ಕೋಬಹುದು.”

“ನಲವತ್ತು ವರ್ಷ ನಿನ್ನ ಜೊತೆ ಏಗಿದ ಹೃದಯ ಕಣೇ, ಇಷ್ಟಕ್ಕೆಲ್ಲ ಸೋಲುತ್ತಾ? ಏಳು, ನಡಿ.”

ಅಕ್ಕನೇ ಮುಂದೆ ನಡೆದಳು. ತಂಗಿ ಕಣ್ಣೊರೆಸಿಕೊಂಡು ಹಿಂದೆಯೇ ಓಡಿದಳು.